ಏಳನೆಯ ಆವಾಜು

“ಸರ, ಆವಾಜು ಆರಾದ್ವೋ, ಏಳೋ?”

ಬಂದೇಅಲಿ ಕೇಳಿದಾಗ ಗಣಿಯ ಹೊಗೆ ಇನ್ನೂ ತಿಳಿಯಾಗಿರಲಿಲ್ಲ. ಶಹಾಬಾದಿನ ಆ ಕಲ್ಲುಗಣಿಯಲ್ಲಿ ಅವನು ಏಳು ಕುಳಿಗಳಿಗೆ ಮದ್ದು ತುಂಬಿ ಬತ್ತಿ ಹಚ್ಚಿದ್ದ. ಎರಡು ಒಟ್ಟಿಗೇ ಸಿಡಿದಿರಬಹುದು. ಒಂದು ಸಿಡಿಯದೆ ಉಳಿದಿರಲೂಬಹುದು. ಅವನು ಸೀಟಿ ಊದಿದರೆ ಸಾಕು, ದಂಡೆಯ ಮೇಲೆ ಬುಟ್ಟಿ ಹಿಡಿದು ನಿಂತ ಹೆಂಗಸರು ಕೆಳಗಿಳಿಯುತ್ತಿದ್ದರು. ಅವರಲ್ಲೊಬ್ಬಳಾದ ಚಂದಮ್ಮ ಆಗಲೇ ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದಳು.

ಮನೆಗೆ ಹಾಸುಗಲ್ಲು ನೋಡಲು ಬಂದಿದ್ದ ತತ್ವಶಾಸ್ತ್ರದ ಉಪನ್ಯಾಸಕ ಮಡಿವಾಳಯ್ಯ ಬಂದೇಅಲಿಯ ಪಕ್ಕದಲ್ಲೇ ನಿಂತಿದ್ದ. ಯಾವ ಮಾತಿಗೂ ಕೊನೆಯ ಅರ್ಥವೆಂಬುದಿಲ್ಲ, ಪ್ರತಿಯೊಂದನ್ನೂ ಬಿಚ್ಚಿ ಇನ್ನೊಂದು ಬಗೆಯಲ್ಲಿ ಓದಬಹುದು ಎಂದು ಬೆಳಿಗ್ಗೆಯಷ್ಟೇ ಪಾಠ ಮಾಡಿದ್ದ. ಆ ತರಗತಿಯಲ್ಲಿದ್ದ ಬಂದೇಅಲಿಯ ಮಗಳು ಮೆಹತಾಬ್ ಎದ್ದು, “ಯಾವುದೂ ಖಾತ್ರಿ ಇಲ್ಲಂದ್ರ, ಮತ್ತ ನಾವು ಮಾಡೋದೇನ್ರಿ ಸರ?” ಎಂದಿದ್ದಳು. ಅವನು ನಕ್ಕು ಕೂರಿಸಿದ್ದ.

“ಹೇಳಲಿಕ್ಕೆ ಬರಂಗಿಲ್ಲಪಾ,” ಎಂದ ಮಡಿವಾಳಯ್ಯ ಈಗ. ತರಗತಿಯಲ್ಲಿ ಠೀವಿಯಿಂದ ಆಡುತ್ತಿದ್ದ ಮಾತೇ ಅದು.

“ನನಗೂ ಖಾತ್ರಿ ಇಲ್ರಿ. ಹಂಗಾದ್ರ ಒಂದು ಒಳಗ ಜೀವಂತ ಅದ ಅಂತ್ಲೇ ತಿಳಕೋಬೇಕ್ರಿ.” ಬಂದೇಅಲಿ ಚಂದಮ್ಮನನ್ನು ಕೂಗಿ ಹಿಂದಕ್ಕೆ ಕರೆದ. ಸೀಟಿಯನ್ನು ಮಡಿವಾಳಯ್ಯನ ಅಂಗೈಗಿಟ್ಟ. “ನಾ ನೋಡಿ ಬರೂತನಾ ಊದಬ್ಯಾಡ್ರಿ. ಯಾರಿಗೂ ಇಳಿಗೊಡಬ್ಯಾಡ್ರಿ.”

ಅವನು ಹೊಗೆಯೊಳಗೆ ಇಳಿದು ಕಾಣದಾದ. ಹೆಂಗಸರೆಲ್ಲ ಸೀಟಿಯನ್ನೇ ನೋಡುತ್ತಿದ್ದರು. ಮಡಿವಾಳಯ್ಯ ಅದನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದು, ಹೋಗಿ ಮೆಟ್ಟಿಲಿಗೆ ಅಡ್ಡ ನಿಂತ.