ಬಾನೆಟ್ ಇಲ್ಲದ ವ್ಯಾನು

ಹೊಸ ವ್ಯಾನಿನ ಮುಂಬಾಗಿಲು ತೆಗೆದ ಶಿವಯ್ಯ, ಮಡಿಸಿದ ಗೋಣಿಚೀಲ ಹಿಡಿದು ಹಾಗೇ ನಿಂತ. ಕೊಣನೂರಿನಿಂದ ಅರಕಲಗೂಡಿಗೆ ಹೋಗುತ್ತಿದ್ದ ಹಳೇ ಮೆಟಾಡೋರಿನಲ್ಲಿ ಎಂಜಿನ್ನು ಡ್ರೈವರ್ ಪಕ್ಕದಲ್ಲೇ ಇತ್ತು. ಸೀಟು ಖಾಲಿಯಿದ್ದರೂ ಹನ್ನೊಂದು ವರ್ಷ ಅವನು ಕೂತದ್ದು ಆ ಕಾದ ಬಾನೆಟ್ಟಿನ ಮೇಲೆ, ಗೋಣಿ ಹಾಸಿಕೊಂಡು. ಅವನ ಕೇರಿಯವರಿಗೆ ಅದೇ ಜಾಗವೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

"ಬಾನೆಟ್ ಎಲ್ಲಪ್ಪಾ?" ಎಂದು ಡ್ರೈವರನ್ನು ಕೇಳಿದ.

"ಇದ್ರಲ್ಲಿ ಎಂಜಿನ್ನು ಸೀಟಿನ ಕೆಳಗೇ ಐತೆ ಕಣಣ್ಣ. ಹಿಂದೆ ಫುಲ್ಲು. ಅಯ್ನೋರ ಪಕ್ಕ ಕುಂತ್ಕೊ."

ಮುಂದಿನ ಸೀಟಿನಲ್ಲಿದ್ದ ಪುರೋಹಿತ ಚನ್ನಕೇಶವಯ್ಯ ಪಂಚೆ ಒತ್ತಿಕೊಂಡು ಡ್ರೈವರ್ ಕಡೆಗೆ ಸರಿದರು. ಶಿವಯ್ಯ ಗೋಣಿಯನ್ನು ತೊಡೆಯ ಮೇಲಿಟ್ಟುಕೊಂಡು ಸೀಟಿನ ಅಂಚಿನಲ್ಲಿ ಕೂತ.

ನಾಲ್ಕು ಮೈಲಿ ಸಾಗುವಷ್ಟರಲ್ಲಿ ಸೀಟು ಕಾಯಿತು. ಚನ್ನಕೇಶವಯ್ಯ ಒಮ್ಮೆ ಆ ಮಗ್ಗುಲಿಗೆ, ಒಮ್ಮೆ ಈ ಮಗ್ಗುಲಿಗೆ ವಾಲಿದರು. ಶಿವಯ್ಯ ಅಲುಗಲಿಲ್ಲ, ಆ ಕಾವು ಅವನಿಗೆ ಹೊಸದಲ್ಲ. ಕೊನೆಗೆ ಅವರು ರಸ್ತೆಯನ್ನೇ ನೋಡುತ್ತಾ ಕೈ ಚಾಚಿದರು.

"ಆ ಗೋಣಿಚೀಲ ಕೊಡಯ್ಯ ಇಲ್ಲಿ."

ಶಿವಯ್ಯ ಕೊಡಲಿಲ್ಲ. ಮಡಿಕೆ ಬಿಚ್ಚಿ ಇಡೀ ಸೀಟಿಗೆ ಹಾಸಿದ. ಅರ್ಧದ ಮೇಲೆ ಅವರು ಕೂತರು. ಉಳಿದರ್ಧದ ಮೇಲೆ ಅವನು, ಬೆನ್ನು ಒರಗಿಸಿ.