ನಾಗಿಗೆ ಬಂದ ಜಡೆ

ಸೀಗೆಕಾಯಿ ಪುಡಿ ನೆನೆದ ವಾಸನೆ ಬಂದರೆ ಈಗಲೂ ನನ್ನ ತಲೆ ತಗ್ಗುತ್ತದೆ.

ನಿಜಾಮರ ಕಾಲ. ಮಾನ್ವಿಯ ನಮ್ಮ ಅಂಗಳದಲ್ಲಿ ಅವ್ವ ನನಗೆ ಎರೆಯುತ್ತಿದ್ದ ಒಂದು ಮಧ್ಯಾಹ್ನ, ನಮ್ಮ ಹೊಲದಲ್ಲಿ ದುಡಿಯುವ ಹುಲಿಗೆವ್ವ ಮಗಳು ನಾಗಿಯನ್ನು ಕರೆದುಕೊಂಡು ಬಂದು ಬಾಗಿಲಾಚೆಯೇ ನಿಂತಳು. ನಾಗಿ ನನ್ನ ವಾರಿಗೆಯವಳು. ಅವಳ ಕೂದಲು ಗಂಟುಗಟ್ಟಿ, ತೊಯ್ದ ಹಗ್ಗದ ಹಾಗೆ ಬೆನ್ನ ಮೇಲೆ ಬಿದ್ದಿತ್ತು.

“ಯಲ್ಲಮ್ಮನ ಜಡಿ ಬಂದದ, ಮದಿವಿ ಮಾಡಬ್ಯಾಡ, ನೀರಮಾನ್ವಿ ಗುಡಿಗೆ ಬಿಡು ಅಂತಾರ್ರೀ ಮಂದಿ. ತಪ್ಪಿಸೋ ಹಾದಿ ಏನರ ಅದ ಏನ್ರೀ?”

ಊರಿಗೆಲ್ಲ ಪುರಾಣ ಹೇಳುತ್ತಿದ್ದ ಅಪ್ಪ ಕಟ್ಟೆಯಿಂದಲೇ, “ಹಣ್ಯಾಗ ಬರದದ್ದು ತಪ್ಪತದೇನು?” ಎಂದರು.

ಹುಲಿಗೆವ್ವ ಮೆಲ್ಲಗೆ, “ಸಣ್ಣವ್ವಾರ ಜಾತಕದಾಗ ದೋಷ ಇತ್ತು, ಶಾಂತಿ ಮಾಡ್ಸಿ ಕಳದ್ರಂತಲ್ರೀ” ಎಂದಳು.

ಸಣ್ಣವ್ವ ಅಂದರೆ ನಾನು.

“ಅದು ಬ್ಯಾರೆ, ಇದು ಬ್ಯಾರೆ” ಎಂದವರೇ ಅಪ್ಪ ಎದ್ದು ಒಳಗೆ ಹೋದರು. ಅವ್ವನ ಕೈ ನನ್ನ ನೆತ್ತಿಯ ಮೇಲೆ ಹಾಗೇ ನಿಂತುಬಿಟ್ಟಿತು. ನಾಗಿ ನನ್ನ ಬಿಚ್ಚುಗೂದಲನ್ನೇ ನೋಡುತ್ತಿದ್ದಳು. ಸೀಗೆನೀರು ಕಣ್ಣಿಗಿಳಿದು ಉರಿಯುತ್ತಿದ್ದರೂ ನಾನು ಮುಖ ಎತ್ತಲಿಲ್ಲ.

ಮುಂದಿನ ವಾರ ನಾಗಿ ಹುಲ್ಲಿನ ಹೊರೆ ಹೊತ್ತು ಬಂದಳು. ಹೊರೆ ಇಳಿಸಿದಾಗ ನೋಡಿದರೆ ತಲೆ ನುಣ್ಣಗೆ ಬೋಳಾಗಿತ್ತು.

“ಯಾರು ತಗದ್ರವ್ವಾ?” ಅವ್ವ ಗಾಬರಿಯಿಂದ ಕೇಳಿದಳು.

“ನಾನಽ ಕುಡುಗೋಲು ತಗೊಂಡು ಕೊಯ್ಕೊಂಡೆ. ಉಳದದ್ದು ನಮ್ಮವ್ವ ಬೋಳಿಸಿದ್ಳ್ರೀ.” ನಾಗಿ ನೆತ್ತಿ ಸವರಿಕೊಂಡು ನಕ್ಕಳು. “ದೇವಿ ಇನ್ನಾ ಏನೂ ಅಂದಿಲ್ರೀ.”

ಕಟ್ಟೆಯ ಮೇಲೆ ಅಪ್ಪ ಕೂತಿದ್ದರು. ಆ ಕಡೆ ತಿರುಗಿ ನೋಡಲು ನನಗೆ ಆಗಲಿಲ್ಲ.