ಬೊಳ್ಳಿ ಯಾರ ಕೈಗೆ

ಬೇಟೆನಾಯಿಗಳ ಪಂದ್ಯದಲ್ಲಿ ಕೋವಿ ಸಿಡಿಯಿತು, ಹೊಡೆದ ಹಕ್ಕಿಯ ಬದಲಿಗೆ ಎಸೆದ ಕ್ಯಾನ್ವಾಸ್ ಚೀಲ ಮುಳ್ಳುಪೊದೆಯಾಚೆ ಬಿತ್ತು. ಬೊಳ್ಳಿ ಕುಳಿತಲ್ಲಿಂದ ಅಲುಗಲಿಲ್ಲ. ತೀರ್ಪುಗಾರ ತಲೆಯಾಡಿಸಿದ ಮೇಲೆ ಅಕ್ಷಿತ್ "ಹೋಗು" ಎಂದ, ನಾಯಿ ಓಡಿತು. ಹಗ್ಗದಾಚೆ ನಿಂತಿದ್ದ ಉಮಾವತಿ ಅದನ್ನೇ ನೋಡುತ್ತಿದ್ದಳು. ಕಚ್ಚಾ ಎಣ್ಣೆ ಬೆಲೆ ಕುಸಿದು ಈ ಕೊಲ್ಲಿ ನಾಡಿನಲ್ಲಿ ಗಂಡನ ಕೆಲಸ ಹೋಗಿತ್ತು. ಊರಿಗೆ ಹೊರಡಲು ಸಾಮಾನೆಲ್ಲ ಕಟ್ಟಿಯಾಗಿತ್ತು; ತಾನೇ ಸಾಕಿ ಪಳಗಿಸಿದ ಈ ನಾಯಿಗೊಂದು ಮನೆ ಹುಡುಕುವುದಷ್ಟೇ ಬಾಕಿ.

"ನನಗೆ ಪಂದ್ಯಕ್ಕೆ ಆಗುವ ನಾಯಿ ಬೇಕು ಅಕ್ಕ. ಚೀಲ ತಂದು ನನ್ನ ಕೈಗೆ ಕೊಟ್ರೆ ಕರ್ಕೊಂಡು ಹೋಗ್ತೇನೆ, ಇಲ್ಲದಿದ್ರೆ ಖಲಾಸ್," ಎಂದು ವಾದಿ ಅದಾಯ್ ಬಡಾವಣೆಯ ಅಕ್ಷಿತ್ ಮೊದಲೇ ಹೇಳಿದ್ದ.

ಬೊಳ್ಳಿ ಚೀಲ ಕಚ್ಚಿಕೊಂಡು ಬಂತು. ಅಕ್ಷಿತ್ ಚಾಚಿದ ಕೈಯನ್ನು ದಾಟಿ, ನೇರ ಹಗ್ಗದ ಬಳಿಗೆ ಬಂದು, ಉಮಾವತಿಯ ಮುಂದೆ ಕುಳಿತು ಮುಖವೆತ್ತಿತು. ಅವಳ ಕೈ ತಾನಾಗಿಯೇ ಮುಂದಕ್ಕೆ ಹೋಯಿತು. ಅರ್ಧದಲ್ಲೇ ಅದನ್ನು ಹಿಂದೆಳೆದು, ಸೆರಗಿನೊಳಗೆ ಮುದುರಿಕೊಂಡು, ಅವಳು ನಾಯಿಗೆ ಬೆನ್ನು ಹಾಕಿ ನಿಂತಳು.

ಬಿಸಿಯುಸಿರು ಕಾಲಿಗೆ ತಾಗುತ್ತಲೇ ಇತ್ತು. ಕೊನೆಗೆ ಅದು ಮೆಲ್ಲನೆ ದೂರ ಸರಿಯಿತು.

"ಶಹಬ್ಬಾಸ್ ಬೊಳ್ಳಿ!" ಅಕ್ಷಿತನ ದನಿ ಕೇಳಿಸಿದ ಮೇಲೂ ಉಮಾವತಿ ತಿರುಗಿ ನೋಡಲಿಲ್ಲ.